ವೃಷಭಾವತಿಯನ್ನು ಎಲ್ಲೆಲ್ಲಿ ಹುಡುಕಬೇಕು

ಬೆಂಗಳೂರಿನ ವಿಜಯನಗರ, ನಾಗರಬಾವಿ, ಜ್ಞಾನಭಾರತಿ, ಕೆಂಗೇರಿ. ಈ ಸಾಲಿನ ಯಾವುದೇ ಶಾಲೆಯಲ್ಲಿ ಎಂಟನೆಯ ತರಗತಿಗೆ ‘ನಮ್ಮ ಊರಿನ ನದಿ’ ಎಂಬ ಪ್ರಾಜೆಕ್ಟ್ ಕೊಟ್ಟರೆ ಮುಂದೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಸಂಜೆ ಅಮ್ಮನ ಫೋನಿನಲ್ಲಿ ಇಂಗ್ಲಿಷಿನಲ್ಲಿ ವೃಷಭಾವತಿಯ ಹೆಸರು ಹಾಕುತ್ತಾರೆ. ಮೊದಲು ಸಿಕ್ಕ ಪುಟದ ಮೂರು ಪ್ಯಾರಾ, ನಾಲ್ಕು ಚಿತ್ರ ವಾಟ್ಸಾಪಿನಲ್ಲಿ ಜೆರಾಕ್ಸ್ ಅಂಗಡಿಗೆ ಹೋಗುತ್ತವೆ. ಪ್ರಿಂಟ್ ಬರುತ್ತದೆ, ಹಾಳೆಗೆ ಅಂಟುತ್ತದೆ, ಸುತ್ತ ಸ್ಕೆಚ್ ಪೆನ್ನಿನ ಗೆರೆ ಬೀಳುತ್ತದೆ, ಫೈಲು ಟೀಚರ ಮೇಜಿಗೆ ಸೇರುತ್ತದೆ. ಎಸ್‌ಎಸ್‌ಎಲ್‌ಸಿಯ ಹೊತ್ತಿಗೆ ವಿಜ್ಞಾನ, ಸಮಾಜ ವಿಜ್ಞಾನದಂಥ ವಿಷಯಗಳಲ್ಲಿ ನೂರಕ್ಕೆ 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನದ್ದಾದ್ದರಿಂದ ಈ ಫೈಲುಗಳಿಗೆ ಬೆಲೆಯೂ ಇದೆ. ಇಷ್ಟರಲ್ಲಿ ಮಗು ಕಷ್ಟಪಟ್ಟಿಲ್ಲ ಎನ್ನಲಾಗದು, ಕತ್ತರಿ ಅಂಟು ಹಿಡಿದು ಎರಡು ಸಂಜೆ ಕೂತಿರುತ್ತದೆ. ಆದರೆ ಮನೆಯಿಂದ ಶಾಲೆಗೆ ಹೋಗುವಾಗ ತಾನು ದಿನವೂ ದಾಟುವ ಆ ನೀರಿನ ಬಗ್ಗೆ ಅದಕ್ಕೆ ಹೊಸದಾಗಿ ಗೊತ್ತಾಗಿದ್ದು ಕಡಿಮೆ. ಒಂದು ವಿಷಯವನ್ನು ಹುಡುಕುವುದು ಹೇಗೆ ಎಂಬುದಂತೂ ಏನೇನೂ ಗೊತ್ತಾಗಿಲ್ಲ. ಇದರಲ್ಲಿ ಮಗುವಿನ ತಪ್ಪಾಗಲಿ ಫೋನಿನ ತಪ್ಪಾಗಲಿ ನನಗೆ ಕಾಣುವುದಿಲ್ಲ. ಪ್ರಶ್ನೆ ಕೊಟ್ಟವರು ಯಾರೂ ದಾರಿ ಕೊಟ್ಟಿಲ್ಲ. ಆ ದಾರಿಯನ್ನು ತೋರಿಸುವ ಒಂದು ಪುಟವನ್ನು ಶಾಲೆಯ ಗ್ರಂಥಾಲಯವೇ ಅಂತರ್ಜಾಲದಲ್ಲಿ ಮಾಡಿಡಬೇಕು, ಕನ್ನಡದಲ್ಲಿ ಮಾಡಬೇಕು, ಆಯಾ ಶಾಲೆಯ ಸುತ್ತಲ ಊರನ್ನು ಕಣ್ಣಮುಂದಿಟ್ಟುಕೊಂಡು ಮಾಡಬೇಕು ಎಂಬುದು ನನ್ನ ವಾದ.

ಇಂಥ ಪುಟಕ್ಕೆ ಗ್ರಂಥಾಲಯದವರು ಸಂಶೋಧನಾ ಮಾರ್ಗದರ್ಶಿ ಎನ್ನುತ್ತಾರೆ. ಒಂದೇ ವಿಷಯ, ಒಂದೇ ಪುಟ. ಮೊದಲು ಏನು ಓದಬೇಕು, ನಮ್ಮದೇ ಬೀರುವಿನಲ್ಲಿ ಯಾವ ಪುಸ್ತಕವಿದೆ, ಅದು ಯಾವ ಸಾಲಿನಲ್ಲಿದೆ, ಹುಡುಕಲು ಯಾವ ಯಾವ ಪದ ಬಳಸಬೇಕು, ಯಾವ ಜಾಲತಾಣವನ್ನು ಎಷ್ಟರಮಟ್ಟಿಗೆ ನಂಬಬಹುದು ಮತ್ತು ಯಾಕೆ, ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಿ ನೋಡಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ಉತ್ತರವನ್ನು ಮಾತ್ರ ಹೇಳುವುದಿಲ್ಲ. 1970ರ ಸುಮಾರಿಗೆ ಅಮೆರಿಕದ ಎಂಐಟಿಯ ಗ್ರಂಥಾಲಯದಲ್ಲಿ ಇದು ಪಾತ್‌ಫೈಂಡರ್ ಎಂಬ ಹೆಸರಿನಲ್ಲಿ ಅಚ್ಚಾದ ಹಾಳೆಯಾಗಿತ್ತು. 2007ರಲ್ಲಿ ಲಿಬ್‌ಗೈಡ್ಸ್ ಎಂಬ ತಂತ್ರಾಂಶ ಬಂದ ಮೇಲೆ ಜಗತ್ತಿನ ಸಾವಿರಾರು ಕಾಲೇಜುಗಳು ಇದನ್ನು ಜಾಲಕ್ಕೆ ತಂದವು. ಆದರೆ ಇದರ ಹಿಂದಿನ ಕಾಳಜಿ ಕನ್ನಡಕ್ಕೆ ಹೊರಗಿನದಲ್ಲ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದಾಗ, ಎಪ್ಪತ್ತರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದಾಗ, ಕನ್ನಡದ ಮಗುವಿನ ಕೈಗೆ ಲೋಕದ ತಿಳಿವು ಕನ್ನಡದಲ್ಲೇ ಸಿಗಬೇಕೆಂಬ ಹಟ ಅವುಗಳ ಹಿಂದಿತ್ತು. ಆ ಕಾಲಕ್ಕೆ ತಿಳಿವು ಅಪರೂಪದ್ದು, ಅದನ್ನು ಒಂದೆಡೆ ಕೂಡಿಸುವುದೇ ದೊಡ್ಡ ಕೆಲಸ. ಈಗ ಅದು ಹೆಚ್ಚಾಗಿ ಚೆದುರಿದೆ. ಹಾಗಾಗಿ ಕೂಡಿಸುವುದಕ್ಕಿಂತ ಆರಿಸುವುದು, ಆರಿಸಿದ್ದು ಯಾಕೆಂದು ಹೇಳುವುದು ಇಂದಿನ ಕೆಲಸ.

ಈ ಕೆಲಸ ಜ್ಞಾನಭಾರತಿಯ ಸುತ್ತಲ ಶಾಲೆಗಳಿಂದಲೇ ಶುರುವಾಗಬೇಕು ಎನ್ನುವುದಕ್ಕೆ ಕಾರಣವಿದೆ. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ; 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ಅವರು 1962ರಲ್ಲಿ ಈ ಊರಿನಲ್ಲಿ ಕಟ್ಟಿದ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್, ಬಲ್ಲವರ ಬಾಯಲ್ಲಿ ಡಿಆರ್‌ಟಿಸಿ, ಈಗ ಮೈಸೂರು ರಸ್ತೆಯ ಎಂಟನೇ ಮೈಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿದೆ. ಜ್ಞಾನಭಾರತಿಗೆ ಅದು ನೆರೆಮನೆ. ಜ್ಞಾನಭಾರತಿ ಆವರಣದ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ್ದೇ ವಿಭಾಗವಿದೆ. ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿದೆ, ರಾಷ್ಟ್ರೀಯ ಕಾನೂನು ಶಾಲೆಯಿದೆ. ಹಂಪಿನಗರದಲ್ಲಿ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯವಿದೆ. ಪುಸ್ತಕ ಮತ್ತು ಪುಸ್ತಕಬಲ್ಲವರು ಇಷ್ಟು ಒತ್ತಾಗಿರುವ ಜಾಗ ಕರ್ನಾಟಕದಲ್ಲಿ ಬೇರೆ ಎಷ್ಟಿದ್ದಾವು? ಓದುಗರ ಹೊತ್ತು ಹಾಳಾಗಬಾರದು ಎಂಬುದು ರಂಗನಾಥನ್ನರ ನಾಲ್ಕನೆಯ ಸೂತ್ರದ ತಿರುಳು. ಓದುಗನಿಗೂ ಪುಸ್ತಕಕ್ಕೂ ಒಬ್ಬ ಮನುಷ್ಯ ನಡುವೆ ನಿಂತು ಪರಿಚಯ ಮಾಡಿಸುವುದೇ ಗ್ರಂಥಾಲಯದ ನಿಜವಾದ ಕೆಲಸ ಎಂದು ಅವರು ನಂಬಿದ್ದರು. ಶಾಲಾ ಗ್ರಂಥಾಲಯಗಳ ಮೇಲೆ ಬೇರೆಯಾಗಿ ಪುಸ್ತಕ ಬರೆದರು. ಆದರೂ ಅವರು ಕಟ್ಟಿದ ಸಂಸ್ಥೆಯ ಗೋಡೆಯಾಚೆಯ ಶಾಲೆಗಳ ಮಗುವಿಗೆ ಆ ಪರಿಚಯ ಮಾಡಿಸುವವರು ಸಿಗುವುದು ಅಪರೂಪ. ವಿದ್ಯೆಯ ಮೇಲ್ಮಟ್ಟದಲ್ಲಿ ಇಷ್ಟೆಲ್ಲ ಇದ್ದು ಕೆಳಗಿನ ಮೆಟ್ಟಿಲೇ ಇಲ್ಲದಿರುವುದು ನನಗೆ ನೋವಿನ ಸಂಗತಿ.

ಕನ್ನಡದಲ್ಲಿ ಸಾಮಗ್ರಿ ಇಲ್ಲ ಎಂಬ ಮಾತು ಬೇಗ ಬರುತ್ತದೆ. ಅದು ಸರಿಯಲ್ಲ. ಮೈಸೂರು ವಿಶ್ವವಿದ್ಯಾಲಯದ ‘ಕನ್ನಡ ವಿಶ್ವಕೋಶ’ದ ಹಲವು ಸಂಪುಟಗಳು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆಯಾಗಿ ಕನ್ನಡ ವಿಕಿಸೋರ್ಸ್ ಸೇರಿವೆ. ಕರ್ನಾಟಕ ಜ್ಞಾನ ಆಯೋಗದ ಆಸಕ್ತಿಯಿಂದ ಹುಟ್ಟಿದ ‘ಕಣಜ’ವಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಿಂದ ನಡೆಸುತ್ತಿರುವ ‘ಭಾರತವಾಣಿ’ಯಲ್ಲಿ ಹತ್ತಾರು ನಿಘಂಟುಗಳಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿದೆ. ‘ವಚನ ಸಂಚಯ’ದಲ್ಲಿ ಸಾವಿರಾರು ವಚನಗಳನ್ನು ಪದ ಹಿಡಿದು ಹುಡುಕಬಹುದು. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಬಂತು. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಅದಕ್ಕೂ ಮೊದಲಿನದು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟ, 1905ರದ್ದು, ಇಂಟರ್ನೆಟ್ ಆರ್ಕೈವಿನಲ್ಲಿ ಸಿಗುತ್ತದೆ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲ ಶಾಸನಗಳನ್ನು 2021ರಿಂದ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಜಾಲದಲ್ಲಿ ಇಡುತ್ತಿದ್ದಾರೆ. ಇಷ್ಟಿದ್ದೂ ಮಗುವಿನ ಫೋನಿನಲ್ಲಿ ಇವು ಮೇಲೆ ಬರುವುದಿಲ್ಲ. ಅದಕ್ಕೆ ಕಾರಣಗಳು ಬಹಳ ಸಾಮಾನ್ಯವಾದವು. ಎಷ್ಟೋ ಸರ್ಕಾರಿ ಕಡತ, ಪುಸ್ತಕಗಳ ಪಿಡಿಎಫ್‌ಗಳು ಯುನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ತಯಾರಾದವು. ಕಣ್ಣಿಗೆ ಕನ್ನಡವಾಗಿ ಕಂಡರೂ ಶೋಧಯಂತ್ರಕ್ಕೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಇನ್ನೆಷ್ಟೋ ಹಳೆಯ ಪುಸ್ತಕಗಳು ಬರೀ ಪುಟಗಳ ಫೋಟೋ. ಒಳಗಿನ ಪದಗಳು ಯಂತ್ರಕ್ಕೆ ಕಾಣುವುದಿಲ್ಲ. ನದಿಯ ಹೆಸರನ್ನೇ ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುತ್ತಾರೆ. ಒಂದು ಬಗೆಯಲ್ಲಿ ಹುಡುಕಿದವರಿಗೆ ಇನ್ನೊಂದು ಬಗೆಯಲ್ಲಿ ಬರೆದ ವರದಿ ತಪ್ಪಿಹೋಗಬಹುದು. ಈ ಅಡೆತಡೆಗಳನ್ನು ಬಲ್ಲ ದೊಡ್ಡವರೊಬ್ಬರು ಒಮ್ಮೆ ಕೂತು ಹುಡುಕಿ ಕೊಂಡಿಗಳನ್ನು ಬರೆದಿಟ್ಟರೆ ನಲವತ್ತು ಮಕ್ಕಳು ನಲವತ್ತು ಸಂಜೆ ತಡಕಾಡುವುದು ತಪ್ಪುತ್ತದೆ.

ವೃಷಭಾವತಿಯ ಮಾರ್ಗದರ್ಶಿ ಹೇಗಿರಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಯೋಚಿಸೋಣ. ಅದರ ಮೊದಲ ಸಾಲಿನಲ್ಲಿ ನದಿಯ ಉದ್ದ, ಉಗಮ ಬೇಡ, ಪ್ರಶ್ನೆಗಳಿರಲಿ. ನಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಬೇಸಿಗೆಯಲ್ಲೂ ಈ ಹೊಳೆ ಬತ್ತದಿರುವುದು ಹೇಗೆ? ನೂರು ವರ್ಷದ ಹಿಂದೆ ಇದರ ದಡದಲ್ಲಿ ಏನು ಬೆಳೆಯುತ್ತಿದ್ದರು? ಎರಡನೆಯ ಪ್ರಶ್ನೆಯೊಂದರಿಂದಲೇ ಮಗು ಬಹಳ ದೂರ ಹೋಗಬಲ್ಲದು. ಬೆಂಗಳೂರು ಒಂದು ದಿಣ್ಣೆಯ ಮೇಲಿದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ; ಪೂರ್ವಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಗೆ. ಜಲಮಂಡಳಿ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಈ ದಿಣ್ಣೆಗೆ ಏರಿಸುತ್ತದೆ. ನಾವು ಬಳಸಿ ಬಿಟ್ಟ ಅದೇ ನೀರಿನಲ್ಲಿ ಒಂದು ಪಾಲು ಗಾಳಿ ಆಂಜನೇಯ ದೇವಸ್ಥಾನದ ಪಕ್ಕ, ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಕಡೆಯ ಬೈರಮಂಗಲ ಕೆರೆಗೆ ಹೋಗಿ, ಮತ್ತೆ ಕಾವೇರಿಯತ್ತಲೇ ಸಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹರಿಯುವ ವೃಷಭಾವತಿ ಬಹುಮಟ್ಟಿಗೆ ನಮ್ಮ ಮನೆಗಳ ಮೂಲಕ ಬಂದ ಕಾವೇರಿ. ಈ ಮಾತನ್ನು ಮಾರ್ಗದರ್ಶಿ ಹೇಳಿಬಿಡಬಾರದು. ಜಲಮಂಡಳಿಯ ಪುಟ, ಮಾಲಿನ್ಯ ನಿಯಂತ್ರಣ ಮಂಡಳಿಯ ನೀರಿನ ಗುಣಮಟ್ಟದ ಪಟ್ಟಿ, ಅರ್ಕಾವತಿ ಜಲಾನಯನದ ಬಗ್ಗೆ ಏಟ್ರೀ ಸಂಸ್ಥೆಯವರು ಮಾಡಿದ ಅಧ್ಯಯನ, ಇವನ್ನು ಅಕ್ಕಪಕ್ಕ ಇಟ್ಟು, ಮಗು ತಾನೇ ಆ ತೀರ್ಮಾನಕ್ಕೆ ಬರುವಂತೆ ಬಿಡಬೇಕು.

ಆಮೇಲೆ ಒಂದೊಂದು ಮೂಲಕ್ಕೂ ಎರಡು ಸಾಲು ಟಿಪ್ಪಣಿ. ಮಾರ್ಗದರ್ಶಿಯ ಜೀವ ಇರುವುದು ಈ ಎರಡು ಸಾಲುಗಳಲ್ಲಿ. ವಿಕಿಪೀಡಿಯ: ಶುರುವಿಗೆ ಒಳ್ಳೆಯದು, ಪುಟದ ಕೊನೆಯ ಉಲ್ಲೇಖಗಳನ್ನು ತೆರೆದು ನೋಡು, ಕನ್ನಡ ಮತ್ತು ಇಂಗ್ಲಿಷ್ ಪುಟಗಳಲ್ಲಿ ವ್ಯತ್ಯಾಸವಿದ್ದರೆ ಬರೆದುಕೋ. ಮಾಲಿನ್ಯ ಮಂಡಳಿಯ ಪಟ್ಟಿ: ಅಂಕಿಗಳು ಇಂಗ್ಲಿಷಿನಲ್ಲಿವೆ, ಬಿಒಡಿ ಎಂಬ ಕಾಲಮ್ಮನ್ನು ಮಾತ್ರ ನೋಡು, ಅದರ ಅರ್ಥ ನಿನ್ನ ವಿಜ್ಞಾನ ಟೀಚರಿಗೆ ಗೊತ್ತು. ಪತ್ರಿಕೆಯ ವರದಿ: ತಾರೀಖು ನೋಡು, ಯಾರ ಮಾತನ್ನು ಉಲ್ಲೇಖಿಸಿದ್ದಾರೆ ನೋಡು. ರೈಸ್ ಅವರ ಶಾಸನ ಸಂಪುಟ: ಕೆಂಗೇರಿ ಹೋಬಳಿಯ ಸುತ್ತಲ ಊರುಗಳ ಹೆಸರು ಹುಡುಕು, ಕೆರೆ, ತೂಬು, ಗದ್ದೆಯ ಮಾತು ಬಂದರೆ ಗುರುತು ಮಾಡು. ಗೂಗಲ್ ಅರ್ತ್‌ನ ಟೈಮ್‌ಲ್ಯಾಪ್ಸ್: 1984ರಿಂದ ಈಚೆಗೆ ಮೈಸೂರು ರಸ್ತೆಯ ಎರಡೂ ಮಗ್ಗುಲಲ್ಲಿ ಹಸಿರು ಹೇಗೆ ಬದಲಾಯಿತು ನೋಡು, ವಿಶ್ವವಿದ್ಯಾಲಯದ ಆವರಣ ಮಾತ್ರ ಯಾಕೆ ಹಾಗೆ ಉಳಿಯಿತು ಕೇಳಿಕೋ. ಬೀರುವಿನಲ್ಲಿರುವ ಪರಿಸರದ ಪುಸ್ತಕಗಳು, ಬಾಲ ವಿಜ್ಞಾನದ ಹಳೆಯ ಸಂಚಿಕೆಗಳು ಎಲ್ಲಿವೆ ಎಂಬುದು ಇವೆಲ್ಲಕ್ಕಿಂತ ಮೇಲೆ ಇರಬೇಕು, ಯಾಕೆಂದರೆ ಕೈಗೆ ಸಿಗುವ ಪುಸ್ತಕ ಮೊದಲು. ಕೊನೆಗೆ ಕಾಲ್ನಡಿಗೆಯ ಪಾಠ: ಜ್ಞಾನಭಾರತಿಯ ಜೈವಿಕ ವನದಲ್ಲಿ ಯಾವ ಮರ, ಯಾವ ಹಕ್ಕಿ, ಮೆಟ್ರೊ ಹಳಿಯ ಪಕ್ಕದ ಕಣಿವೆಯಲ್ಲಿ ಯಾವುದು. ನೀರಿಗೆ ಇಳಿಯಬಾರದು, ಮುಟ್ಟಬಾರದು, ದೊಡ್ಡವರಿಲ್ಲದೆ ಹೋಗಬಾರದು ಎಂಬ ಎಚ್ಚರಿಕೆ ದಪ್ಪ ಅಕ್ಷರದಲ್ಲಿ. ಹಳೆಯ ಊರಿನ ಹಿರಿಯರನ್ನು ಕೇಳಬೇಕಾದ ಐದಾರು ಪ್ರಶ್ನೆಗಳು. ಇಷ್ಟಾದರೆ ಸಾಕು, ಹನ್ನೆರಡು ಮೂಲಗಳಿಗಿಂತ ಹೆಚ್ಚಾದರೆ ಪುಟ ಮತ್ತೆ ಸಂತೆಯಾಗುತ್ತದೆ, ಮಗು ಮತ್ತೆ ಮೊದಲಿನದ್ದನ್ನೇ ಒತ್ತುತ್ತದೆ.

ಗೂಗಲ್ ಇದೆಯಲ್ಲ, ಈಗ ಕೇಳಿದ ಕೂಡಲೇ ಕನ್ನಡದಲ್ಲೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಇದೆಯಲ್ಲ, ಇದೆಲ್ಲ ಯಾಕೆ ಎಂದು ಕೇಳುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವು ಉಪಯುಕ್ತ, ಮಕ್ಕಳು ಬಳಸಿಯೇ ಬಳಸುತ್ತಾರೆ. ಆದರೆ ಎರಡೂ ಉತ್ತರವನ್ನು ಮುಂದಿಡುತ್ತವೆ, ಉತ್ತರದ ಹಿಂದಿನ ಮೂಲವನ್ನು ತೂಗುವ ಕೆಲಸವನ್ನು ಓದುಗರಿಗೇ ಬಿಡುತ್ತವೆ. ಆ ಕೃತಕ ಬುದ್ಧಿಮತ್ತೆಯ ಹಿಂದಿರುವ ಭಾಷಾ ಮಾದರಿಗಳು, ಇಲ್ಲದ ಪುಸ್ತಕದ ಹೆಸರನ್ನು ಇದ್ದಂತೆ ಹೇಳುವುದುಂಟು. ಕನ್ನಡದ ಸಣ್ಣ ಊರು, ಸಣ್ಣ ಹೊಳೆಯ ವಿಷಯದಲ್ಲಿ ಜಾಲದಲ್ಲಿ ಬರಹ ಕಡಿಮೆಯಿರುವುದರಿಂದ ಈ ಅಪಾಯ ಹೆಚ್ಚು. ತೂಗುವುದು ತಾನಾಗಿ ಬರುವ ವಿದ್ಯೆಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರ್ಯೂ ಹತ್ತು ಮಂದಿ ಇತಿಹಾಸಕಾರರು, ಹತ್ತು ಮಂದಿ ವೃತ್ತಿನಿರತ ಫ್ಯಾಕ್ಟ್‌ಚೆಕ್ಕರ್‌ಗಳು ಮತ್ತು 25 ವಿದ್ಯಾರ್ಥಿಗಳ ಮುಂದೆ ಜಾಲತಾಣಗಳನ್ನಿಟ್ಟು ಗಮನಿಸಿದರು. ಪಿಎಚ್.ಡಿ. ಪಡೆದ ಇತಿಹಾಸಕಾರರೂ ಪುಟದ ಅಂದ, ಲೋಗೊ, ಗಂಭೀರವಾದ ಹೆಸರಿಗೆ ಮರುಳಾದರು. ಫ್ಯಾಕ್ಟ್‌ಚೆಕ್ಕರ್‌ಗಳು ಮಾತ್ರ ಆ ಪುಟದಲ್ಲಿ ನಿಲ್ಲದೆ ಹೊಸ ಟ್ಯಾಬ್ ತೆರೆದು, ಇದನ್ನು ನಡೆಸುವವರು ಯಾರು, ಬೇರೆಯವರು ಇವರ ಬಗ್ಗೆ ಏನನ್ನುತ್ತಾರೆ ಎಂದು ನೋಡಿ ಬೇಗ ಸರಿಯಾದ ನಿರ್ಣಯಕ್ಕೆ ಬಂದರು. ಜಾಣತನಕ್ಕಿಂತ ಅಭ್ಯಾಸ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಮಾರ್ಗದರ್ಶಿಯ ಎರಡು ಸಾಲಿನ ಟಿಪ್ಪಣಿಗಳು ಆ ಅಭ್ಯಾಸವನ್ನೇ ಎಂಟನೆಯ ತರಗತಿಯಲ್ಲಿ ಶುರುಮಾಡಿಸುತ್ತವೆ. ಪುಟದಲ್ಲಿ ಒಂದು ಮೂಲವನ್ನು ಬೇಕೆಂದೇ ದುರ್ಬಲವಾದದ್ದನ್ನು ಇಟ್ಟು, ಇದನ್ನು ನಂಬಬಹುದೇ, ಹೇಗೆ ಪರೀಕ್ಷಿಸುತ್ತೀಯ ಎಂದು ಕೇಳುವುದು ಇನ್ನೂ ಒಳ್ಳೆಯದು. ಕೃತಕ ಬುದ್ಧಿಮತ್ತೆಯ ಉತ್ತರವನ್ನೂ ಹೀಗೆಯೇ ಪರೀಕ್ಷೆಗೆ ಒಡ್ಡಬಹುದು: ಅದು ಹೇಳಿದ ಪುಸ್ತಕ ನಿಜವಾಗಿ ಇದೆಯೇ, ಹಂಪಿನಗರದ ಗ್ರಂಥಾಲಯದಲ್ಲಿ ಕೇಳಿ ಬಾ.

ಇದಕ್ಕೆ ಎದುರಾದ ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು, ನಾನು ಅದನ್ನು ಹೆಚ್ಚು ಗೌರವಿಸುತ್ತೇನೆ. ದಾರಿಯನ್ನೆಲ್ಲ ನಾವೇ ಹಾಕಿಕೊಟ್ಟರೆ ಮಗು ಹುಡುಕುವುದನ್ನು ಕಲಿಯುವುದು ಯಾವಾಗ, ಅಡ್ಡದಾರಿಯಲ್ಲಿ ಆಕಸ್ಮಿಕವಾಗಿ ಸಿಗುವ ಸೊಗಸು ಏನಾಗಬೇಕು ಎಂಬ ಆಕ್ಷೇಪ ಅದು. ಈಜು ಕಲಿಯುವವರಿಗೆ ಸೊಂಟಕ್ಕೆ ಒಣ ಸೋರೆ ಬುರುಡೆ ಕಟ್ಟುತ್ತಿದ್ದರು. ಅದರಿಂದ ಯಾರೂ ಕಾಲು ಬಡಿಯುವುದನ್ನು ಮರೆಯಲಿಲ್ಲ. ಎಂಟನೆಯ ತರಗತಿಯ ಮಾರ್ಗದರ್ಶಿಯಲ್ಲಿ ಹನ್ನೆರಡು ಮೂಲಗಳಿದ್ದರೆ ಒಂಬತ್ತನೆಯ ತರಗತಿಯದರಲ್ಲಿ ಆರಿರಲಿ, ಉಳಿದ ಆರನ್ನು ಮಕ್ಕಳು ಹುಡುಕಿ ತಂದು ತಾವೇ ಎರಡು ಸಾಲು ಟಿಪ್ಪಣಿ ಬರೆಯಲಿ. ಹತ್ತನೆಯದರಲ್ಲಿ ಬರೀ ಪ್ರಶ್ನೆ ಇರಲಿ. ಆಕಸ್ಮಿಕದ ಸೊಗಸಿನ ಮಾತಿಗೆ ಬಂದರೆ, ಈಗಿನ ಸ್ಥಿತಿಯಲ್ಲಿ ಅದು ಸಿಗುತ್ತಿದೆ ಎಂದು ನನಗೆ ಅನಿಸುವುದಿಲ್ಲ. ಶೋಧಯಂತ್ರದ ಮೊದಲ ಪುಟ ಎಲ್ಲ ಮಕ್ಕಳಿಗೂ ಹೆಚ್ಚುಕಡಿಮೆ ಒಂದೇ ಪುಟ. ಅದಕ್ಕೇ ಒಂದು ತರಗತಿಯ ನಲವತ್ತು ಫೈಲುಗಳಲ್ಲಿ ಮೂವತ್ತು ಒಂದೇ ಥರ ಕಾಣುತ್ತವೆ. ಶಾಸನ, ಹಿರಿಯರ ನೆನಪು, ನೀರಿನ ಅಂಕಿ, ಹಕ್ಕಿಯ ಪಟ್ಟಿ ಎಂದು ನಾಲ್ಕು ಕಡೆಗೆ ಬಾಗಿಲು ತೆರೆದಾಗಲೇ ನಲವತ್ತು ಮಕ್ಕಳು ನಲವತ್ತು ದಿಕ್ಕಿಗೆ ಹೋಗುವ ಅವಕಾಶ ಹುಟ್ಟುವುದು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಹತ್ತರಿಂದ ಹದಿನೇಳು ವರ್ಷದವರು ತಮ್ಮ ಊರಿನ ಸಮಸ್ಯೆಯನ್ನೇ ಹಿಡಿದು ಅಳೆದು, ಕೇಳಿ, ಬರೆದು ತರುತ್ತಾರೆ. ಮಕ್ಕಳಿಗೆ ಇದು ಆಗುವುದಿಲ್ಲ ಎನ್ನುವವರಿಗೆ ಆ ಸಮಾವೇಶವೇ ಉತ್ತರ. ಅಲ್ಲಿಗೆ ಹೋಗುವ ಬೆರಳೆಣಿಕೆಯ ಮಕ್ಕಳಿಗೆ ಸಿಗುವ ಮಾರ್ಗದರ್ಶನ ಇಡೀ ತರಗತಿಗೆ ಸಿಗಲಿ ಎಂಬುದಷ್ಟೇ ಇಲ್ಲಿನ ಕೋರಿಕೆ.

ಫೋನಿಲ್ಲದ ಮನೆಯ ಮಗು ಏನು ಮಾಡಬೇಕು ಎಂಬುದು ಮತ್ತೊಂದು ಆಕ್ಷೇಪ. ಅಸರ್ ಸಮೀಕ್ಷೆ 2023ರಲ್ಲಿ ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಮನೆಗಳನ್ನು ನೋಡಿದಾಗ ನೂರಕ್ಕೆ ಹತ್ತಿರಹತ್ತಿರ 90 ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಮನೆಯಲ್ಲಿ ಇರುವುದು ಬೇರೆ, ಮಗುವಿನ ಕೈಗೆ ಸಿಗುವುದು ಬೇರೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಬರುವ ತಾಯಿಯ ಫೋನು ಮೂವರು ಮಕ್ಕಳಿಗೆ ಹಂಚಿಹೋಗಬೇಕು, ಡೇಟಾ ಮುಗಿದಿರುತ್ತದೆ, ಅಣ್ಣನಿಗೆ ಸಿಕ್ಕಿದ್ದು ತಂಗಿಗೆ ಸಿಗುವುದು ಕಷ್ಟ. ಆದ್ದರಿಂದ ಅಂತರ್ಜಾಲದ ಪುಟ ಎಂದರೆ ಅಂತರ್ಜಾಲದಲ್ಲಿ ಮಾತ್ರ ಇರುವ ಪುಟ ಎಂದಾಗಬಾರದು. ಅದು ಚಿತ್ರಗಳ ಭಾರವಿಲ್ಲದ, ಎರಡು ನಿಮಿಷ ಫೋನು ಸಿಕ್ಕರೂ ತೆರೆಯುವ ಹಗುರ ಪುಟವಾಗಿರಬೇಕು. ಅದರ ಎ4 ಪ್ರಿಂಟು ಗ್ರಂಥಾಲಯದ ಬಾಗಿಲಿಗೆ ಅಂಟಿರಬೇಕು, ಮೂಲೆಯಲ್ಲಿ ಕ್ಯೂಆರ್ ಕೋಡ್ ಇರಬೇಕು. ಪಠ್ಯಪುಸ್ತಕಗಳಲ್ಲಿ ದೀಕ್ಷಾ ಕಲಿಕಾ ವೇದಿಕೆಯ ಕ್ಯೂಆರ್ ಕೋಡುಗಳನ್ನು ನೋಡಿ ಮಕ್ಕಳಿಗೂ ಪೋಷಕರಿಗೂ ಅದು ರೂಢಿಯಾಗಿದೆ. ಮುಖ್ಯವಾದ ಎರಡು ಮೂರು ಮೂಲಗಳ ಪ್ರಿಂಟು ಒಂದು ಫೈಲಿನಲ್ಲಿ ಗ್ರಂಥಾಲಯದ ಮೇಜಿನ ಮೇಲಿರಬೇಕು. ಲೈಬ್ರರಿ ಪೀರಿಯಡ್ಡಿನಲ್ಲಿ ಶಾಲೆಯ ಕಂಪ್ಯೂಟರಿನ ಮುಂದೆ ಮೊದಲು ಕೂರುವ ಹಕ್ಕು ಮನೆಯಲ್ಲಿ ಫೋನಿಲ್ಲದವರದ್ದು ಎಂಬ ನಿಯಮವನ್ನು ಬರೆದು ಹಾಕಬೇಕು. ಇಷ್ಟು ಮಾಡದೆ ಬರೀ ಕೊಂಡಿ ಕಳಿಸಿದರೆ ಆಕ್ಷೇಪ ಎತ್ತಿದವರೇ ಸರಿ, ನಾನಲ್ಲ.

ಉಳಿದಿರುವ ಕಠಿಣವಾದ ಪ್ರಶ್ನೆ ಇದನ್ನೆಲ್ಲ ಮಾಡುವವರು ಯಾರು ಎಂಬುದು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯದ ಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದಿತು. ಸಮಗ್ರ ಶಿಕ್ಷಣದಡಿ ಸರ್ಕಾರಿ ಶಾಲೆಗಳಿಗೆ ಅವುಗಳ ಮಟ್ಟಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನದ ಏರ್ಪಾಡು ಬಂತು. ಪುಸ್ತಕಕ್ಕೆ ದುಡ್ಡು ಬಂದರೂ ಪುಸ್ತಕವನ್ನು ಮಗುವಿಗೆ ಮುಟ್ಟಿಸುವ ಮನುಷ್ಯನಿಗೆ ಜಾಗ ಇಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ಗ್ರಂಥಾಲಯವೆಂದರೆ ಸಾಮಾನ್ಯವಾಗಿ ಕನ್ನಡ ಟೀಚರ ಅಥವಾ ಪಿ.ಟಿ. ಮಾಸ್ತರ ಜೇಬಿನಲ್ಲಿರುವ ಬೀರುವಿನ ಕೀಲಿ. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ಭರ್ತಿ ಎಂದು ಬಳಲಿದ ಅವರ ಮೇಲೆ ಇನ್ನೊಂದು ಹೊರೆ ಹೊರಿಸುವುದು ನ್ಯಾಯವಲ್ಲ. ಹಾಗೆಂದು ಬಿಟ್ಟುಬಿಡುವುದೂ ನ್ಯಾಯವಲ್ಲ. ಪ್ರತಿ ಶಾಲೆ ಬೇರೆ ಬೇರೆ ಮಾರ್ಗದರ್ಶಿ ಮಾಡಬೇಕಾಗಿಲ್ಲ. ಒಂದು ಕ್ಲಸ್ಟರಿನ ಹತ್ತು ಹದಿನೈದು ಶಾಲೆಗಳಿಗೆ ಸೇರಿ ವರ್ಷಕ್ಕೆ ನಾಲ್ಕು ಸಾಕು: ವೃಷಭಾವತಿ, ಜ್ಞಾನಭಾರತಿಯ ಗಿಡಮರ, ಕೆಂಗೇರಿಯ ಇತಿಹಾಸ, ಬಡಾವಣೆಯಾದ ಹಳ್ಳಿಗಳು. ಬೀರುವಿನ ಪುಸ್ತಕದ ಸಾಲನ್ನು ಮಾತ್ರ ಆಯಾ ಶಾಲೆ ತನಗೆ ತಕ್ಕಂತೆ ತಿದ್ದಿಕೊಂಡರಾಯಿತು. ಮೂಲ ಹುಡುಕಿ ಟಿಪ್ಪಣಿ ಬರೆಯುವ ಕೆಲಸವನ್ನು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು, ಡಿಆರ್‌ಟಿಸಿಯವರು ಪಾಠದ ಭಾಗವಾಗಿಯೇ ಮಾಡಬಹುದು. ನಿಜವಾದ ಓದುಗರು ನಡೆದು ಹೋಗುವಷ್ಟು ದೂರದಲ್ಲಿರುವಾಗ ಅವರಿಗೆ ಬೇರೆ ಅಭ್ಯಾಸದ ಕಣ ಯಾಕೆ? ಟಿಪ್ಪಣಿಯ ಭಾಷೆ ಮಗುವಿಗೆ ತಿಳಿಯುತ್ತದೆಯೇ ಎಂದು ನೋಡಿ ಸರಿ ಎನ್ನುವುದಷ್ಟೇ ಟೀಚರ ಪಾಲು. ತಂತ್ರಾಂಶಕ್ಕೆ ದುಡ್ಡು ಬೇಕಿಲ್ಲ. ಸಾಮಾನ್ಯ ಉಚಿತ ಪುಟವೇ ಸಾಕು. ಇಲ್ಲಿ ಇಲಾಖೆ ಒಂದು ಆದೇಶ ಹೊರಡಿಸಿ ಎಲ್ಲ ಜಿಲ್ಲೆಗೂ ಒಂದೇ ನಮೂನೆ ಕಳಿಸಿಬಿಟ್ಟರೆ ಇದರ ಅರ್ಥವೇ ಹೋಗುತ್ತದೆ ಎಂಬ ಭಯವೂ ನನಗಿದೆ; ರಾಯಚೂರಿನ ಮಗುವಿನ ಹೊಳೆ ಬೇರೆ, ಕಾಸರಗೋಡಿನ ಕನ್ನಡ ಶಾಲೆಯ ಮಗುವಿನ ಹೊಳೆ ಬೇರೆ.

ಮಾಡಿಟ್ಟ ಪುಟ ಕೆಡುತ್ತದೆ ಎಂಬುದನ್ನೂ ಮುಂಚೆಯೇ ಒಪ್ಪಿಕೊಂಡು ಹೊರಡಬೇಕು. ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಾಗ 2013ರಲ್ಲಿದ್ದ ಜಾಲಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷದಲ್ಲಿ ಇಲ್ಲವಾಗಿದ್ದವು. ಸರ್ಕಾರಿ ಜಾಲತಾಣಗಳ ವಿಳಾಸ ಬದಲಾಗುವುದು ನಮಗೆಲ್ಲ ಗೊತ್ತಿರುವುದೇ. ಕೊಂಡಿ ಒತ್ತಿದಾಗ ಖಾಲಿ ಪುಟ ಬಂದರೆ ಮಗು ಮುಂದಿನ ಸಲ ಮಾರ್ಗದರ್ಶಿಯನ್ನು ತೆರೆಯುವುದಿಲ್ಲ. ಅದಕ್ಕೇ ಪುಟದ ತಲೆಯಲ್ಲಿ ಪರಿಶೀಲಿಸಿದ ತಿಂಗಳು, ವರ್ಷ ಇರಬೇಕು. ಕೊಂಡಿಯ ಜೊತೆಗೆ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿನಲ್ಲಿ ಉಳಿಸಿದ ಪ್ರತಿಯ ಕೊಂಡಿಯೂ ಇರಬೇಕು. ಏಪ್ರಿಲ್ ಮೇ ರಜೆಯಲ್ಲಿ ಒಮ್ಮೆ ಎಲ್ಲವನ್ನೂ ಒತ್ತಿ ನೋಡಬೇಕು. ಹಕ್ಕುಸ್ವಾಮ್ಯದ ವಿಷಯದಲ್ಲೂ ಹಗುರಾಗಬಾರದು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. 1927ರಲ್ಲಿ ತೀರಿಕೊಂಡ ರೈಸ್ ಅವರ ಸಂಪುಟವನ್ನು ಹಂಚಬಹುದು. 1997ರಲ್ಲಿ ತೀರಿಕೊಂಡ ಕಾರಂತರ ಪುಸ್ತಕವನ್ನು ಯಾರೋ ಸ್ಕ್ಯಾನ್ ಮಾಡಿ ಎಲ್ಲೋ ಹಾಕಿದ್ದಾರೆಂದು ಶಾಲೆಯ ಪುಟದಲ್ಲಿ ಅದಕ್ಕೆ ಕೊಂಡಿ ಹಾಕುವುದು ತಪ್ಪು. ಅದನ್ನು ಕೊಂಡು ಬೀರುವಿನಲ್ಲಿಡಬೇಕು. ಕದ್ದ ಪ್ರತಿಯಿಂದ ಉಲ್ಲೇಖ ಬರೆಯುವುದನ್ನು ಕಲಿಸುವುದು ಸಂಶೋಧನೆಯ ಮೊದಲ ಪಾಠವಾಗಬಾರದು.

ಈ ಪುಟಗಳು ವರ್ಷದಿಂದ ವರ್ಷಕ್ಕೆ ಬೆಲೆ ಗಳಿಸುವುದು ಮಕ್ಕಳ ಕೆಲಸ ಅವುಗಳೊಳಗೆ ಸೇರಿದಾಗ. ಈಗ ಆ ಫೈಲುಗಳು ಅಂಕ ಬಿದ್ದ ಮೇಲೆ ಮೂಟೆಯಾಗಿ ರದ್ದಿಗೆ ಹೋಗುತ್ತವೆ. ಅದರ ಬದಲು, ಒಂದು ಗುಂಪು ಜೈವಿಕ ವನದಲ್ಲಿ ಗುರುತಿಸಿದ ಹಕ್ಕಿಗಳ ಪಟ್ಟಿ, ಇನ್ನೊಂದು ಗುಂಪು ಹೊಳೆಯ ದಡದ ಹಳೆಯ ರೈತರೊಬ್ಬರಿಂದ ಕೇಳಿ ಬರೆದುಕೊಂಡ ಎರಡು ಪುಟ, ಮತ್ತೊಬ್ಬಳು ಮಳೆಗಾಲದ ಮೊದಲು ಮತ್ತು ನಂತರ ಒಂದೇ ಸೇತುವೆಯ ಮೇಲಿಂದ ತೆಗೆದ ಎರಡು ಫೋಟೋ, ಇವುಗಳಲ್ಲಿ ಟೀಚರು ಚೆನ್ನಾಗಿದೆ ಎಂದವನ್ನು ಮಾರ್ಗದರ್ಶಿಯ ಕೊನೆಯಲ್ಲಿ ಹದಿಮೂರನೆಯ ಮೂಲವಾಗಿ ಸೇರಿಸಬೇಕು. ಮುಂದಿನ ವರ್ಷದ ಮಕ್ಕಳು ಅದನ್ನೂ ಓದಿ, ಅದನ್ನೂ ಪರೀಕ್ಷಿಸಿ, ತಪ್ಪಿದ್ದರೆ ತಿದ್ದಿ ಮುಂದೆ ಹೋಗುತ್ತಾರೆ. ಹತ್ತು ವರ್ಷ ಹೀಗೆ ನಡೆದರೆ ವೃಷಭಾವತಿಯ ಬಗ್ಗೆ ಯಾವ ಇಲಾಖೆಯ ಬಳಿಯೂ ಇಲ್ಲದ ದಾಖಲೆಯೊಂದು ಎಂಟನೆಯ ತರಗತಿಯವರ ಬಳಿ ಇರುತ್ತದೆ. ಮಕ್ಕಳ ಹೆಸರು, ಮುಖ, ಮನೆಯ ವಿಳಾಸ ಜಾಲಕ್ಕೆ ಹೋಗಬಾರದು, ಮಾತು ಕೊಟ್ಟ ಹಿರಿಯರ ಒಪ್ಪಿಗೆ ಕೇಳಿರಬೇಕು. ಬರೆದವರು ಯಾರು ಎಂಬಲ್ಲಿ ತರಗತಿ ಮತ್ತು ವರ್ಷ ಸಾಕು.